ಸೋದರತ್ತೆಯ ಪಾಲಿನ ಗುದ್ದು

ವಿರೂಪಮ್ಮನ ವಿಷಯದಲ್ಲಿ ಅವಳ ಬಳಗಕ್ಕೆ ಒಂದು ತೊಡಕಿತ್ತು. ಕೂತು ಮಾತಾಡಿದ್ದರೆ ಬಗೆಹರಿಯುವಂಥದ್ದೇ, ಆದರೆ ಕೂತು ಮಾತಾಡುವವರು ಯಾರು? ಕೊರಳಲ್ಲಿ ತಾಳಿಯಿತ್ತು, ಹಣೆಯಲ್ಲಿ ಕುಂಕುಮವಿತ್ತು, ತಾಳಿ ಕಟ್ಟಿದ ಪರಶು ರೂಪನಗುಡಿಯಲ್ಲಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದ. ಆದರೆ ಆ ಮಹಾರಾಯ ಬೇರೊಬ್ಬಳನ್ನು ಮನೆಗೆ ತಂದುಕೊಂಡು, ಅವಳಿಗೆ ಮೂರು ಮಕ್ಕಳಾಗಿ, ದೊಡ್ಡದು ಈಗ ಕಾಲೇಜಿನ ಮೆಟ್ಟಿಲು ಹತ್ತಿತ್ತು. ಮದುವೆಯಾದ ಹದಿನಾಲ್ಕನೇ ತಿಂಗಳಿಗೆ ನಾಲ್ಕು ಮಂದಿ ಹಿರಿಯರು ಜಮಖಾನೆಯ ಮೇಲೆ ಕೂತು, ಚಹಾ ಕುಡಿದು, "ಸದ್ಯಕ್ಕ ತವರಿಗೆ ಹೋಗಿರವ್ವಾ" ಎಂದಿದ್ದರು. ಆ ಸದ್ಯಕ್ಕೆ ಈಗ ಇಪ್ಪತ್ತೆರಡು ವರ್ಷ ತುಂಬಿತ್ತು.

ಹೀಗಾಗಿ ಮನೆಯ ಕಾರ್ಯಗಳಲ್ಲಿ ಮುತ್ತೈದೆಯರನ್ನು ಸಾಲಾಗಿ ಕೂರಿಸಿ ಉಡಿ ತುಂಬುವ ಹೊತ್ತು ಬಂತೆಂದರೆ ಎಲ್ಲರಿಗೂ ಇಕ್ಕಟ್ಟು. ಅಕ್ಕಿ, ಕೊಬ್ಬರಿ, ರವಿಕೆಗಾಗುವ ಕುಬಸದ ಕಣ ಹಿಡಿದು ಬಂದವಳ ಕೈ ವಿರೂಪಮ್ಮನ ಮುಂದೆ ಒಂದು ಗಳಿಗೆ ತಡೆಯುತ್ತಿತ್ತು. ಇವಳು ಮುತ್ತೈದೆ ಹೌದೋ ಅಲ್ಲವೋ? ಉಡಿ ತುಂಬಿದರೆ ಒಬ್ಬರ ಮುಖ ಸಣ್ಣದಾಗುತ್ತದೆ, ಬಿಟ್ಟರೆ ಇನ್ನೊಬ್ಬರದು. ಆದರೆ ಬಳಗದವರು ಜಾಣರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಉಡಿಯ ತಟ್ಟೆ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು, "ವಿರೂಪಮ್ಮಾ, ಅಲ್ಲಿ ಹೂವಿನ ಸರ ಬಿಚ್ಚೈತಿ ನೋಡವ್ವಾ" ಎನ್ನುತ್ತಿದ್ದರು. ಅವಳು ಸ್ಟೂಲು ಹತ್ತಿ ಸರ ಕಟ್ಟಿ ಇಳಿಯುವಷ್ಟರಲ್ಲಿ ಉಡಿ ತುಂಬಿ ಮುಗಿದು ಹೆಂಗಸರು ಊಟಕ್ಕೆ ಏಳುತ್ತಿದ್ದರು.

ವಿರೂಪಮ್ಮನಿಗೆ ಇದು ತಿಳಿಯದ್ದೇನಲ್ಲ. ಮೊದಲ ಒಂದೆರಡು ಸಲ ಹೇಳಿಸಿಕೊಂಡು ಹತ್ತಿದಳು. ಆಮೇಲೆ, ಹೇಳಿಸಿಕೊಳ್ಳುವುದಕ್ಕಿಂತ ತಾನೇ ಹತ್ತುವುದು ಮೇಲೆಂದು ತಟ್ಟೆ ಕಂಡೊಡನೆ ಸ್ಟೂಲು ಎಳೆದುಕೊಳ್ಳತೊಡಗಿದಳು. ಮೇಲೆ ಹತ್ತಿದ ಮೇಲೆ ಸುಮ್ಮನೆ ನಿಲ್ಲಲಾದೀತೇ? ಸರವನ್ನು ಸ್ವಲ್ಪ ಬೇರೆ ಥರ ಕಟ್ಟಿದಳು, ನಡುವೆ ಒಂದು ಬಟ್ಟೆಯ ಹೂವು ಸೇರಿಸಿದಳು, ಮುಂದಿನ ಕಾರ್ಯಕ್ಕೆ ಮನೆಯಿಂದಲೇ ನಾಲ್ಕು ತೋರಣ ಮಾಡಿ ತಂದಳು. ಹೀಗೆ ಸ್ಟೂಲು ಹತ್ತಿ ಹತ್ತಿಯೇ ಅವಳು ಅಲಂಕಾರದವಳಾದದ್ದು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರು ವಿರೂಪಮ್ಮನನ್ನು ನೋಡಿರಲಿಲ್ಲ, ಅಷ್ಟೆ.

ಅವಳಿದ್ದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆ. ತಾಯಿ ತೀರಿಹೋದ ಮೇಲೆ ಕುರುಗೋಡು ಬಿಟ್ಟು ಬಂದು ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಸೇರಿದ್ದಳು. ಹೊಲಿದು ಬಂದ ಪ್ಯಾಂಟುಗಳ ಉಳಿಕೆ ದಾರವನ್ನು ಕತ್ತರಿಸುವುದು ಅವಳ ಕೆಲಸ. ಆ ದುಡಿಮೆಯಲ್ಲೇ ತಮ್ಮ ಹಂಪೇಶನನ್ನು ಐಟಿಐ ಓದಿಸಿದಳು. ಅವನೀಗ ಕುರುಗೋಡಿನಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡು, ಸಿರುಗುಪ್ಪದ ಚೈತ್ರಾಳನ್ನು ಮದುವೆಯಾಗಿ, ತಂದೆಯ ಮನೆಗೆ ಮೇಲಂತಸ್ತು ಏರಿಸಿ ಅಲ್ಲಿಯೇ ಇದ್ದ.

ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ನೀಲಿ ಬಟ್ಟೆ ಚೀಲಗಟ್ಟಲೆ ಬೀಳುತ್ತಿತ್ತು. ಒಲೆ ಹೊತ್ತಿಸಲು ಒಯ್ಯುವವರು ಒಯ್ಯುತ್ತಿದ್ದರು, ವಿರೂಪಮ್ಮ ಸಿಂಗಾರಕ್ಕೆ ಒಯ್ಯುತ್ತಿದ್ದಳು. ಜೀನ್ಸ್ ಬಟ್ಟೆಯ ಅಡ್ಡದಾರವನ್ನು ಒಂದೊಂದಾಗಿ ಎಳೆದು ತೆಗೆದರೆ ಅಂಚು ಬಿಳಿಯ ಕುಚ್ಚಾಗಿ ನಿಲ್ಲುತ್ತದೆ, ಅದನ್ನು ಸುತ್ತಿ ಬುಡಕ್ಕೆ ಹೊಲಿಗೆ ಹಾಕಿದರೆ ಸೇವಂತಿಗೆ. ಹಳೆಯ ಲಗ್ನಪತ್ರಿಕೆಗಳಿಂದ ಆನೆ, ಒಡೆದ ಬಳೆಗೆ ದಾರ ಸುತ್ತಿ ಬಾಗಿಲ ಸರ, ಐಸ್‌ಕ್ರೀಮ್ ಕಡ್ಡಿಯಿಂದ ಮಂಟಪ. ಓಣಿಯಲ್ಲಿ ಯಾರ ಮಗುವಿನ ಹುಟ್ಟುಹಬ್ಬವಾದರೂ, ಯಾರ ಅರಿಶಿನವಾದರೂ, "ಡೆಕೋರೇಶನ್ ಅಕ್ಕನ್ನ ಕರೀರಿ, ಕಡಿಮ್ಯಾಗ ಆಗ್ತೈತಿ" ಎಂದು ಬರುತ್ತಿದ್ದರು. ಅವಳು ಹೋಗಿ ಗೋಡೆ ಸಿಂಗರಿಸಿ, ಫೋಟೋ ತೆಗೆಯುವ ಹೊತ್ತಿಗೆ ಸ್ಟೂಲು ಮಡಚಿ ಹೊರಟುಬಿಡುತ್ತಿದ್ದಳು. ಇರು ಎಂದು ಕೈ ಹಿಡಿದು ಕೂರಿಸುವವರು ಇರಲಿಲ್ಲ. ಹಾಗೆಂದು ಯಾರೂ ಕೆಟ್ಟವರಲ್ಲ. ಕೆಲಸಕ್ಕೆ ಬಂದವಳಿಗೆ ಮನೆಯಲ್ಲಿ ಬೇರೆ ಕೆಲಸವಿರುತ್ತದೆ ಎಂದು ಅವರೆಣಿಕೆ.

ಅವಳಿಗೆ ನಿಜವಾಗಿ ಕೊರೆಯುತ್ತಿದ್ದದ್ದು ಇದೇ. ಅವಳನ್ನು ಮುಟ್ಟುವವರಿರಲಿಲ್ಲ. ನಕ್ಕು ತೊಡೆಗೆ ಒಂದು ಏಟು ಹಾಕುವ ಗೆಳತಿಯಿರಲಿಲ್ಲ, ತಲೆಯಲ್ಲಿ ಹೇನು ನೋಡುವ ಅಕ್ಕತಂಗಿಯಿರಲಿಲ್ಲ, ಜ್ವರ ಬಂದರೆ ಹಣೆ ಮುಟ್ಟಿ ನೋಡುವುದೂ ತಾನೇ. ವರ್ಷಕ್ಕೆ ಎರಡು ಸಲ ಬಳೆ ಇಡಿಸಿಕೊಳ್ಳಲು ಹೋದಾಗ ಬಳೆಗಾರ ಅವಳ ಅಂಗೈಯನ್ನು ಹಿಡಿದು, ಅಮುಕಿ, ಗಾಜಿನ ಬಳೆ ಏರಿಸುತ್ತಿದ್ದ. ಅದೊಂದೇ. ಆ ಮುದುಕನಿಗೆ ಕಣ್ಣು ಮಂಜಾಗಿ ನಾಲ್ಕು ಬಳೆಗೆ ಹತ್ತು ನಿಮಿಷ ಹಿಡಿಯುತ್ತಿತ್ತು, ಬೇರೆ ಹೆಂಗಸರು ಗೊಣಗುತ್ತಿದ್ದರು, ವಿರೂಪಮ್ಮ ಮಾತ್ರ ಅವನ ಅಂಗಡಿಯನ್ನೇ ಹುಡುಕಿಕೊಂಡು ಹೋಗುತ್ತಿದ್ದಳು.

ಹಂಪೇಶನಿಗೆ ಒಂಬತ್ತು ವರ್ಷ ಮಕ್ಕಳಾಗಿರಲಿಲ್ಲ. ಹತ್ತನೆಯ ವರ್ಷ ಚೈತ್ರಾ ಹೆಣ್ಣುಕೂಸು ಹೆತ್ತಳು. ಚೊಚ್ಚಲ ಬಾಣಂತನವಾದ್ದರಿಂದ ಸಿರುಗುಪ್ಪದ ತವರಿನಲ್ಲೇ ಇದ್ದಳು. ಒಂದು ಭಾನುವಾರ ಹಂಪೇಶ ಫೋನು ಮಾಡಿದ.

"ಅಕ್ಕಾ, ಬರೋ ತಿಂಗಳ ಕೂಸಿನ್ನ ತೊಟ್ಲಿಗೆ ಹಾಕೋದು ಇಟ್ಟೀವಿ. ಸಿರುಗುಪ್ಪದಾಗ, ಅವರ ಮನ್ಯಾಗ. ತೊಟ್ಲ ಡೆಕೋರೇಶನ್ ನೀನಾ ಮಾಡಬೇಕು ನೋಡು."

"ನಾ ಅಲ್ದ ಇನ್ಯಾರು ಮಾಡ್ತಾರಲೇ?"

"ಅದಕ್ಕ ಹೇಳಾಕ ಫೋನ್ ಮಾಡಿದೆ."

ವಿರೂಪಮ್ಮ ಫೋನು ಇಟ್ಟು ಬಾಗಿಲಲ್ಲಿ ಕೂತಳು. ಅವರ ಕಡೆ ಪದ್ಧತಿ ಹೀಗೆ: ತೊಟ್ಟಿಲು ಕೂಸಿನ ಸೋದರತ್ತೆಯದು. ಸಿಂಗರಿಸುವವಳು ಅವಳು, ತಲೆಗೂ ಬೆನ್ನಿಗೂ ಹೊಂದುವ ಕುಂಚಿಗೆ ಹೊಲಿದು ತರುವವಳು ಅವಳು, ಕೂಸಿನ ಕಿವಿಗೆ ಬಾಯಿಟ್ಟು ಕುರ್ರ್ ಎಂದು ಮೊದಲ ಸಲ ಹೆಸರು ಹೇಳುವವಳೂ ಅವಳೇ. ಹೇಳಿ ಮುಗಿಯಿತೋ ಇಲ್ಲವೋ, ಸುತ್ತ ನಿಂತ ಹೆಂಗಸರೆಲ್ಲ ಬಗ್ಗಿದ ಅವಳ ಬೆನ್ನ ಮೇಲೆ ಗುದ್ದಬೇಕು. ಯಾಕೆ ಗುದ್ದಬೇಕೆಂದು ಯಾರಿಗೂ ಗೊತ್ತಿಲ್ಲ. ಕೂಸು ಹೆಸರು ಮರೆಯದಿರಲಿ ಎಂದು ಒಬ್ಬರು, ಅತ್ತೆ ನಾಳೆ ಸೊಕ್ಕದಿರಲಿ ಎಂದು ಇನ್ನೊಬ್ಬರು. ಕಾರಣ ಏನೇ ಇರಲಿ, ಆ ಗುದ್ದು ಹಾಕುವ ಹುರುಪಿನಲ್ಲಿ ಹೆಂಗಸರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

ಹಂಪೇಶನಿಗೆ ಹೆಸರಿಟ್ಟಾಗ ವಿರೂಪಮ್ಮನಿಗೆ ಎಂಟು ವರ್ಷ. ಅವರ ಸೋದರತ್ತೆ ಕುರ್ರ್ ಎಂದದ್ದೇ ತಡ, ಹತ್ತು ಹದಿನೈದು ಕೈಗಳು ದಬದಬ ಬಿದ್ದವು. ಅತ್ತೆ "ಯವ್ವಾ ಸತ್ನೆ, ಬಿಡ್ರೇ ರಂಡೇರಾ" ಎಂದು ಬೈಯುತ್ತ, ನಗುತ್ತ, ಕಣ್ಣಲ್ಲಿ ನೀರು ತಂದುಕೊಂಡು ತೊಟ್ಟಿಲ ಅಂಚಿಗೆ ಆತಿದ್ದಳು. ಎಂಟು ವರ್ಷದ ವಿರೂಪಮ್ಮ ದೊಡ್ಡವರ ಸೊಂಟದ ನಡುವೆ ತೂರಿ ತಾನೂ ಒಂದು ಗುದ್ದಿದ್ದಳು. ಆವತ್ತು ಎಷ್ಟು ಗುದ್ದು ಬಿದ್ದವೋ ಅಷ್ಟು ಜನ ಅತ್ತೆಯನ್ನು ತಮ್ಮವಳು ಎಂದುಕೊಂಡಿದ್ದರು. ಇದು ಅವಳಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಈ ಕೋಣೆಯಲ್ಲಿ ಒಬ್ಬಳೇ ಕೂತು ದಾರ ಎಳೆಯುವಾಗ. ಉಡಿಯ ಗೊಡವೆ ಬಿಟ್ಟಿದ್ದಳು. ಆದರೆ ಸೋದರತ್ತೆಯ ಪಟ್ಟವನ್ನು ಯಾವ ಗಂಡ ಕೊಡಬೇಕು, ಯಾವ ಗಂಡ ಕಿತ್ತುಕೊಳ್ಳಬೇಕು? ಅದು ಒಡಹುಟ್ಟಿದ್ದಕ್ಕೆ ಬಂದದ್ದು. ತೊಟ್ಟಿಲು ಕಟ್ಟು ಎಂದರೆ ಹೆಸರಿಡು ಎಂದೇ ಅರ್ಥ. ಹಂಪೇಶ ಅದನ್ನು ಬಿಡಿಸಿ ಹೇಳಲಿಲ್ಲ, ಇವಳು ಕೇಳಲಿಲ್ಲ.

ಮೂರು ವಾರ ಅವಳು ಕೈ ಬಿಡುವು ಮಾಡಿಕೊಳ್ಳಲಿಲ್ಲ. ಜೀನ್ಸ್ ಬಟ್ಟೆ ಕೂಸಿಗೆ ಒರಟು. ಪ್ಯಾಂಟಿನ ಜೇಬಿನೊಳಗೆ ಹಾಕುವ ಬಿಳಿಯ ಅರಿವೆ ಮಾತ್ರ ನಾಲ್ಕು ಸಲ ಒಗೆದರೆ ಬೆಣ್ಣೆಯಂತಾಗುತ್ತದೆ. ಅದರ ತುಂಡುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಗಂಜಿ ತೆಗೆದು, ಒಂದಕ್ಕೊಂದು ಜೋಡಿಸಿ ಕುಂಚಿಗೆ ಹೊಲಿದಳು. ಒಳಗೆ ಒಂದು ಹೊಲಿಗೆಯ ಗಂಟೂ ಮೈಗೆ ತಾಗದಂತೆ ಅಂಚನ್ನೆಲ್ಲ ಮಡಚಿದಳು. ತೊಟ್ಟಿಲ ಮೇಲೆ ತೂಗಲು ಇಪ್ಪತ್ತೊಂದು ಗಿಣಿ. ಕಡು ನೀಲಿ, ತಿಳಿ ನೀಲಿ, ಕಲ್ಲಿನಿಂದ ಉಜ್ಜಿ ಮಾಸಿಸಿದ ನೀಲಿ. ಹೊಟ್ಟೆಗೆ ಕತ್ತರಿಸಿದ ದಾರವನ್ನೇ ತುಂಬಿ, ಕೊಕ್ಕಿಗೆ ಕೆಂಪು ಬಟ್ಟೆ, ಕಣ್ಣಿಗೆ ಅಂಗಿಯ ಸಣ್ಣ ಗುಂಡಿ. ನೀಲಿ ಗಿಣಿ ಎಲ್ಲಾದರೂ ಉಂಟೇ ಎಂದು ಪಕ್ಕದ ಮನೆಯವಳು ಕೇಳಿದಾಗ, "ಬಳ್ಳಾರ್ಯಾಗ ಅದಾವು" ಎಂದಳು. ಎಷ್ಟೋ ದಿನಕ್ಕೆ ಅವಳ ಬಾಯಲ್ಲಿ ಒಂದು ಹಾಸ್ಯ ಬಂದಿತ್ತು.

ನಡುವೆ ಎರಡು ಮೂರು ಸಲ ಹಂಪೇಶ ಫೋನು ಮಾಡಿದ. ತೊಟ್ಟಿಲ ಉದ್ದ ಹೇಳಿದ, ಗೋಡೆಯ ಬಣ್ಣ ಹೇಳಿದ.

"ಹೆಸರೇನು ಅಂದ್ಕೊಂಡೀರಲೇ? ಮೊದ್ಲಾ ಹೇಳಿದ್ರ ಬಾಯಿಪಾಠ ಮಾಡ್ಕೊಂತೀನಿ. ಈಗಿನ ಹೆಸರಿಗೆ ನನ್ನ ನಾಲಿಗಿ ಹೊಳ್ಳಾಂಗಿಲ್ಲ."

"ಇನ್ನಾ ನಿಕ್ಕಿ ಆಗಿಲ್ಲಕ್ಕಾ. ಆದ ಮ್ಯಾಲ ಹೇಳ್ತೀನಿ."

ಹಿಂದಿನ ದಿನವೇ ಅವಳು ಸಿರುಗುಪ್ಪದ ಬಸ್ಸು ಹತ್ತಿದಳು. ಎರಡು ಚೀಲ, ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯನ್ನು ಮೇಲೆ ಇಡಲು ಕಂಡಕ್ಟರ್ ಹೇಳಿದರೂ ಕೇಳದೆ ತೊಡೆಯ ಮೇಲೆ ಇಟ್ಟುಕೊಂಡಳು. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಕಾಲುವೆ ನೀರಿನ ಭತ್ತದ ಗದ್ದೆ, ಆಮೇಲೆ ಅಕ್ಕಿ ಗಿರಣಿಗಳ ಸಾಲು. ಚೈತ್ರಾಳ ತವರುಮನೆ ಒಂದು ಗಿರಣಿಯ ಹಿಂದೆಯೇ ಇತ್ತು. ಎಷ್ಟು ಒರೆಸಿದರೂ ಕಿಟಕಿಯ ಮೇಲೆ ತೌಡಿನ ಪುಡಿ ಕೂರುತ್ತಿತ್ತು.

ಸಂಜೆಯ ತನಕ ಕಟ್ಟಿದಳು. ಗೋಡೆಗೆ ನೀಲಿ ಸೇವಂತಿಗೆಯ ಜಾಲರಿ, ಬಾಗಿಲಿಗೆ ಬಳೆಯ ಸರ, ತೊಟ್ಟಿಲ ಮೇಲೆ ಗಿಣಿಗಳ ಗೊಂಚಲು. ಪ್ರತಿ ಗಿಣಿಗೂ ಮೂರು ಗಂಟು. ಚೈತ್ರಾ ಕೂಸನ್ನೆತ್ತಿಕೊಂಡು ಬಂದು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಅಕ್ಕಾ, ಇದನ್ನೆಲ್ಲಾ ಕೈಯಾಗ ಮಾಡೀರೇನ್ರಿ? ಅಂಗಡ್ಯಾಗ ಇಂಥಾವು ಸಿಗಾಂಗಿಲ್ಲ ಬಿಡ್ರಿ."

"ಎಲ್ಲಾ ಚಿಂದಿ ಅರಿವಿ ನೋಡವ್ವಾ."

ಚೈತ್ರಾ ನಕ್ಕಳು. ಆಮೇಲೆ ಏನೋ ಹೇಳಲು ಹೊರಟವಳು ಹೇಳದೆ, ಕೂಸಿಗೆ ಹಾಲು ಕುಡಿಸಬೇಕೆಂದು ಒಳಗೆ ಹೋದಳು. ವಿರೂಪಮ್ಮನಿಗೆ ಅದು ಗಮನಕ್ಕೆ ಬಂತು, ಆದರೆ ಬಾಣಂತಿಯರಿಗೆ ನೂರು ತಾಪತ್ರಯ ಎಂದು ಬಿಟ್ಟಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕುರುಗೋಡಿನ ಜೀಪು ಬಂತು. ಅದರಿಂದ ಚಿಕ್ಕಪ್ಪನ ಮಗಳು ಉಚ್ಚಂಗೆಮ್ಮ ಇಳಿದಳು. ಮೈತುಂಬ ಜರಿಸೀರೆ, ಹಿಂದೆ ಗಂಡ ಜಡೆಪ್ಪ, ಅವನ ಕೈಯಲ್ಲಿ ಅರಿಶಿನದ ಬಟ್ಟೆ ಮುಚ್ಚಿದ ತಟ್ಟೆ. ಗಾಳಿಗೆ ಬಟ್ಟೆ ಸರಿದಾಗ ವಿರೂಪಮ್ಮನ ಕಣ್ಣಿಗೆ ಬಿದ್ದದ್ದು ಕೆಂಪು ರೇಶಿಮೆಯ ಕುಂಚಿಗೆ. ಕುಂಚಿಗೆ ತರುವವಳು ಸೋದರತ್ತೆ. ಒಂದು ಕೂಸಿಗೆ ಎರಡು ಕುಂಚಿಗೆ ಯಾಕೆ ಎಂದು ಕೇಳಬೇಕಾದಷ್ಟು ದಡ್ಡಿಯಲ್ಲ ಅವಳು.

ಹಂಪೇಶ ಅವಳನ್ನು ಹಿತ್ತಲಿಗೆ ಕರೆದ. ನೀರಿನ ತೊಟ್ಟಿಯ ಹತ್ತಿರ ನಿಂತು ನಲ್ಲಿಯನ್ನು ಬಿಚ್ಚಿದ, ಮುಚ್ಚಿದ, ಮತ್ತೆ ಬಿಚ್ಚಿದ.

"ಅಕ್ಕಾ, ಬ್ಯಾಸರ ಮಾಡ್ಕೊಬ್ಯಾಡ. ಹೆಸರು ಉಚ್ಚಂಗಕ್ಕನ ಕೈಲೆ ಇಡಿಸೋಣಂತ ಆಗೈತಿ."

"ಯಾರು ಅಂದ್ರು?"

"ಇವರ ಕಡಿ ಹಿರ್ಯಾರು. ರಾರಾವಿ ಅಜ್ಜಿ ಅಂದ್ಳು. ಒಂಬತ್ತು ವರ್ಷ ಕಾದು ಆದ ಕೂಸು, ಸಂಸಾರ ಮಾಡ್ಕೊಂಡು ಇರಾಕಿ ಕೈಲೆ ಆಗ್ಲಿ ಅಂತ."

"ಯಾವಾಗ ಅಂದ್ರು?"

"ಹದಿನೈದು ದಿನ ಆತು."

"ಹದಿನೈದು ದಿನದಾಗ ಮೂರು ಸಲ ಫೋನ್ ಮಾಡೀಯಲೇ ನೀನು. ತೊಟ್ಲ ಉದ್ದ ಹೇಳಿದಿ, ಗ್ವಾಡಿ ಬಣ್ಣ ಹೇಳಿದಿ."

"ಹೆಂಗ ಹೇಳ್ಲಿ ಅಂತ ತಿಳೀಲಿಲ್ಲ."

"ತೊಟ್ಲ ಕಟ್ಟಾಕ ನನ್ನ ಕೈ ನಡೀತೈತಿ, ಕೂಸಿನ ಕಿವಿಗೆ ನನ್ನ ಬಾಯಿ ನಡ್ಯಾಂಗಿಲ್ಲ."

ಹಂಪೇಶ ತಲೆ ತಗ್ಗಿಸಿದ. ಮೂವತ್ತೇಳು ವರ್ಷದ ಗಂಡಸು, ಪರೀಕ್ಷೆಯಲ್ಲಿ ಫೇಲಾಗಿ ಬಂದಾಗ ನಿಂತಿದ್ದ ಹಾಗೆಯೇ ನಿಂತಿದ್ದ. ಅವನ ಮೇಲೆ ಅವಳಿಗೆ ಸಿಟ್ಟು ಬಂತು, ಆ ಸಿಟ್ಟಿನ ಬೆನ್ನಿಗೇ ಕನಿಕರವೂ ಬಂತು, ಆ ಕನಿಕರದ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು. "ಆತು, ಒಳಗ ನಡಿ, ಕರೀತಿರ್ತಾರ" ಎಂದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಇಪ್ಪತ್ತೆರಡು ವರ್ಷ ನಡೆದುಬಂದವಳು, ಆವತ್ತೂ ಹಾಗೆಯೇ ನಡೆದು ಒಳಗೆ ಹೋಗಿ ಗೋಡೆಗೆ ಆತು ನಿಂತಳು.

ಹನ್ನೆರಡರ ಹೊತ್ತಿಗೆ ನಡುಮನೆ ಹೆಂಗಸರಿಂದ ತುಂಬಿತು. ತೆಲುಗು, ಕನ್ನಡ ಬೆರೆಸಿದ ಮಾತು, ಮಲ್ಲಿಗೆ, ಬೆವರು. ಬಂದವರೆಲ್ಲ ಮೊದಲು ಗಿಣಿಗಳನ್ನು ಮುಟ್ಟಿ ನೋಡಿ, ಎಲ್ಲಿ ತಂದಿರಿ ಎಂದು ಕೇಳಿ, ಆಮೇಲೆ ಕೂಸನ್ನು ನೋಡಿದರು. ಚೈತ್ರಾ ಕೂಸನ್ನು ತಂದು ತೊಟ್ಟಿಲಲ್ಲಿ ಮಲಗಿಸಿದಳು. ಕೂಸು ಕೆಂಪು ಕುಂಚಿಗೆಯಲ್ಲಿತ್ತು. ವಿರೂಪಮ್ಮನ ಬಿಳಿಯ ಕುಂಚಿಗೆ ಇನ್ನೂ ಚೀಲದಲ್ಲಿಯೇ ಇತ್ತು, ಅವಳು ಅದನ್ನು ಹೊರಗೆ ತೆಗೆದೇ ಇರಲಿಲ್ಲ.

ಆಗ ರಾರಾವಿಯ ಅಜ್ಜಿ, ಚೈತ್ರಾಳ ತಾಯಿಯ ಅತ್ತೆ, ಎಂಬತ್ತರ ಹಣ್ಣು ಮುದುಕಿ, ಕುರ್ಚಿಯಲ್ಲಿ ಕೂತಲ್ಲಿಂದಲೇ ಕತ್ತು ಎತ್ತಿ ಮೇಲೆ ನೋಡಿದಳು.

"ವಿರೂಪಮ್ಮಾ, ಅಗೋ ಅಲ್ಲೊಂದು ಗಿಣಿ ಜೋತುಬಿದ್ದೈತಿ, ಒಂಚೂರು ಬಿಗಿ ಮಾಡವ್ವಾ."

ಯಾವ ಗಿಣಿಯೂ ಜೋತುಬಿದ್ದಿರಲಿಲ್ಲ. ಆದರೂ ವಿರೂಪಮ್ಮನ ಕಾಲು ರೂಢಿಯಿಂದ ಸ್ಟೂಲು ಹತ್ತಿತು. ಮೇಲಿನಿಂದ ಎಲ್ಲರ ಬೈತಲೆ ಕಂಡವು, ಮುಡಿಗಳು ಕಂಡವು. ಉಚ್ಚಂಗೆಮ್ಮ ಸೀರೆಯ ನಿರಿಗೆ ಒಟ್ಟುಮಾಡಿಕೊಂಡು ತೊಟ್ಟಿಲ ಪಕ್ಕ ಕೂರುತ್ತಿದ್ದಳು. ಅವಳ ಅಗಲ ಬೆನ್ನಿನ ಹಿಂದೆ ನಾಲ್ಕೈದು ಜನ ಆಗಲೇ ಸೆರಗು ಸಿಕ್ಕಿಸಿಕೊಂಡು, ಕೈ ಉಜ್ಜಿಕೊಂಡು, ಒಬ್ಬರನ್ನೊಬ್ಬರು ನೋಡಿ ಮುಸಿಮುಸಿ ನಗುತ್ತಿದ್ದರು. ಆ ನಗು ವಿರೂಪಮ್ಮನಿಗೆ ತಡೆಯಲಾಗಲಿಲ್ಲ. ರೇಶಿಮೆಯ ಕುಂಚಿಗೆಯನ್ನು ತಡೆದಿದ್ದಳು, ಹಂಪೇಶನ ತಗ್ಗಿದ ತಲೆಯನ್ನು ತಡೆದಿದ್ದಳು. ಗುದ್ದಲು ಸಜ್ಜಾದ ಆ ಕೈಗಳನ್ನು ನೋಡಿ ಅವಳ ಹೊಟ್ಟೆಯಲ್ಲಿ ಹಸಿವಿನಂಥದೊಂದು ಎದ್ದಿತು.

ಅವಳು ಕೆಳಗೆ ಇಳಿದಳು.

"ಹೆಸರು ನಾ ಇಡ್ತೀನಿ."

ಜೋರಾಗಿ ಹೇಳಲಿಲ್ಲ. ಆದರೆ ಎಲ್ಲರಿಗೂ ಕೇಳಿತು. ರಾರಾವಿಯ ಅಜ್ಜಿ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದಳು. ಬಾಗಿಲಲ್ಲಿದ್ದ ಹಂಪೇಶ ಹೊರಗಿನ ಜೀಪನ್ನು ನೋಡತೊಡಗಿದ.

"ನಾ ಕೂಸಿನ ಅತ್ತಿ" ಎಂದಳು ವಿರೂಪಮ್ಮ. "ಇವನ ಒಡಹುಟ್ಟಿದಾಕಿ ಇನ್ನೊಬ್ಬಾಕಿ ಇಲ್ಲ. ಹೆಸರು ನಾ ಇಡಬೇಕು."

ಚೈತ್ರಾ ಕೂಸಿನ ಮೇಲಿನ ನೊಣ ಓಡಿಸುತ್ತ, ಯಾರ ಮುಖವನ್ನೂ ನೋಡದೆ, "ಬರ್ರಿ ಅಕ್ಕಾ, ಇಡ್ರಿ" ಎಂದಳು.

ಬಾಣಂತಿಯೇ ಹೇಳಿದ ಮೇಲೆ ಮತ್ತೊಬ್ಬರು ಹೇಳುವುದೇನು? ಉಚ್ಚಂಗೆಮ್ಮ ನೆಲಕ್ಕೆ ಕೈಯೂರಿ ಎದ್ದಳು. "ಮೊದ್ಲಾ ಹೇಳಿದ್ರ ಆಗ್ತಿತ್ತು. ಬಿಸಲಾಗ ಈಟು ದೂರ ಬರ್ತಿದ್ದಿಲ್ಲ ನಾ" ಎಂದು ಪಕ್ಕಕ್ಕೆ ಸರಿದು, ಕೆನ್ನೆಯನ್ನು ಒಳಗೆ ಕಚ್ಚಿಕೊಂಡು ನಿಂತಳು. ಅವಳಿಗೂ ಅವಮಾನವಾಗಿತ್ತು. ಕರೆದು ಕೂರಿಸಿ ಎಬ್ಬಿಸಿದರೆ ಯಾರಿಗಾದರೂ ಆಗುತ್ತದೆ.

ವಿರೂಪಮ್ಮ ಕೂತಳು. ಕೂತ ಮೇಲೆ ಅವಳಿಗೆ ಹೊಳೆಯಿತು, ಹೆಸರು ಏನೆಂದು ತನಗೆ ಯಾರೂ ಹೇಳಿಯೇ ಇಲ್ಲ. ತುಂಬಿದ ಮನೆಯಲ್ಲಿ ಕೂಸಿನ ಸ್ವಂತ ಅತ್ತೆಯೊಬ್ಬಳನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು.

"ಹೆಸರೇನವ್ವಾ?" ಎಂದು ಚೈತ್ರಾಳನ್ನು ಕೇಳಿದಳು.

"ಮನ್ವಿತಾ."

ಒಮ್ಮೆ ನಾಲಿಗೆಯಲ್ಲಿ ಹೇಳಿಕೊಂಡು ನೋಡಿದಳು. ಆಮೇಲೆ ತೊಟ್ಟಿಲ ಮೇಲೆ ಬಗ್ಗಿ, ಕುಂಚಿಗೆಯ ಅಂಚನ್ನು ಸರಿಸಿ, ಹಾಲಿನ ವಾಸನೆಯ ಆ ಕಿವಿಗೆ ಬಾಯಿ ಇಟ್ಟು, "ಕುರ್ರ್... ಮನ್ವಿತಾ" ಎಂದಳು. ಕೂಸು ಕಣ್ಣು ಪಿಳುಕಿಸಿತು. ಮೂರು ಸಲ ಹೇಳಿದಳು. ಹೇಳಿ, ಬಗ್ಗಿದಲ್ಲೇ ಕಣ್ಣು ಮುಚ್ಚಿ, ಬೆನ್ನು ಗಟ್ಟಿ ಮಾಡಿಕೊಂಡು ಕಾದಳು.

ಏನೂ ಬೀಳಲಿಲ್ಲ.

ಕೈ ಉಜ್ಜಿಕೊಂಡು ನಿಂತಿದ್ದವರು ಒಬ್ಬರನ್ನೊಬ್ಬರು ನೋಡಿದರು. ಗುದ್ದು ಎಂದರೆ ಸಲಿಗೆ. ಉಂಡು ಉಟ್ಟು ಜಗಳವಾಡಿ ಕೂಡಿ ಬಾಳಿದವರ ಬೆನ್ನಿಗೆ ಅದು. ಇವಳೊಂದಿಗೆ ಯಾರಿಗೆ ಅಂಥ ಸಲಿಗೆಯಿತ್ತು? ಒಬ್ಬಳು "ಪಾಪ" ಎಂದು ಪಿಸುಗುಟ್ಟಿದ್ದು ವಿರೂಪಮ್ಮನ ಕಿವಿಗೆ ಬಿತ್ತು. ಆಮೇಲೆ ಶಾಸ್ತ್ರ ಬಿಡಬಾರದೆಂದು ಯಾರೋ ಎರಡು ಬೆರಳಿಂದ ಭುಜದ ಹತ್ತಿರ ಮುಟ್ಟಿದರು, ಸುಣ್ಣ ಒಣಗಿದೆಯೋ ಇಲ್ಲವೋ ಎಂದು ಗೋಡೆ ಮುಟ್ಟಿ ನೋಡುವಂತೆ. ಇನ್ನೊಬ್ಬರು ಸವರಿದರು. ರೋಗಿಯ ಬೆನ್ನನ್ನು ಹಾಗೆ ಸವರುತ್ತಾರೆ. ವಿರೂಪಮ್ಮ ಬಗ್ಗಿಯೇ ಇದ್ದಳು. ಏಳಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿದ್ದಾಳೆಂದು ಅವಳಿಗೇ ಗೊತ್ತಾಗುತ್ತಿತ್ತು. ಹಕ್ಕನ್ನು ಬಾಯಿ ಬಿಟ್ಟು ಕೇಳಿ ಪಡೆದಿದ್ದಳು. ಇದನ್ನು ಹೇಗೆ ಕೇಳುವುದು?

ಆಗ ದಬ್ ಎಂದು ಒಂದು ಬಿತ್ತು.

ನಡುಬೆನ್ನಿಗಿಂತ ಸ್ವಲ್ಪ ಮೇಲೆ, ಎಡಗಡೆ. ಉಸಿರು ಹೊರಗೆ ಬಂತು, ತೊಟ್ಟಿಲು ಅಲುಗಿ ಗಿಣಿಗಳೆಲ್ಲ ತೂಗಿದವು. ಮುಷ್ಟಿ ಕಟ್ಟಿ, ತೋಳು ಹಿಂದಕ್ಕೆ ಎಳೆದು ಹಾಕಿದ ಗುದ್ದು. "ತಗಾ, ಹೆಸರಿಡಾಕಿ" ಎಂದಳು ಉಚ್ಚಂಗೆಮ್ಮ, ಹಲ್ಲು ಕಚ್ಚಿಕೊಂಡೇ. ಬೆಳಗಿನ ಬಿಸಿಲು, ಜೀಪಿನ ಧೂಳು, ಕೂತಲ್ಲಿಂದ ಎಬ್ಬಿಸಿದ ಅವಮಾನ, ಎಲ್ಲ ಅದರಲ್ಲಿತ್ತು. ಕನಿಕರವೊಂದು ಇರಲಿಲ್ಲ.

ವಿರೂಪಮ್ಮನ ಕಣ್ಣಲ್ಲಿ ನೀರು ಬಂತು, ಅದರ ಜೊತೆಗೇ ನಗು ಬಂತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಮೇಲೆ ಯಾರೂ ಹೀಗೆ ಮನಸಾರೆ ಸಿಟ್ಟಾಗಿರಲಿಲ್ಲ. ಬೆನ್ನು ಚುರುಚುರು ಎನ್ನುತ್ತಿತ್ತು. ಆ ಖುಷಿಯಲ್ಲಿ ಅವಳೊಂದು ತಪ್ಪು ಮಾಡಿದಳು. ಹಾಗೇ ಕತ್ತು ತಿರುಗಿಸಿ, ಉಚ್ಚಂಗೆಮ್ಮನ ಮುಖ ನೋಡಿ, "ಇನ್ನೊಂದು ಹಾಕವ್ವಾ" ಎಂದಳು.

ಉಚ್ಚಂಗೆಮ್ಮ ಕೈ ಎತ್ತಿಯೇ ಇದ್ದಳು. ತಿರುಗಿದ ಆ ಮುಖವನ್ನು ನೋಡಿದಳು, ಅದರಲ್ಲಿ ಏನು ಕಂಡಿತೋ, ಹಲ್ಲು ಸಡಿಲವಾಯಿತು, ಮುಷ್ಟಿ ಬಿಚ್ಚಿತು. ಬಂದ ಕೈ ಬೆನ್ನ ಮೇಲೆ ಮೆತ್ತಗೆ ಕೂತಿತು, ಎರಡು ಸಲ ಸವರಿತು.

"ಏಳವ್ವಾ, ಏಳು" ಎಂದಳು. ಅವಳ ದನಿಯೂ ಈಗ ಉಳಿದವರ ದನಿಯಂತೆಯೇ ಇತ್ತು.

ಊಟಕ್ಕೆ ಹೋಳಿಗೆ ಇತ್ತು. ಎಲ್ಲರೂ ವಿರೂಪಮ್ಮನನ್ನು ಒತ್ತಾಯ ಮಾಡಿ ಮಾಡಿ ಉಣಿಸಿದರು. ಗಿಣಿಗಳನ್ನು ಮತ್ತೆ ಮತ್ತೆ ಹೊಗಳಿದರು. ಹೊರಡುವಾಗ ಅವಳು ಬಿಳಿಯ ಕುಂಚಿಗೆಯನ್ನು ಚೈತ್ರಾಳ ಕೈಗೆ ಕೊಟ್ಟಳು, ಚೈತ್ರಾ ಅದನ್ನು ಕೆನ್ನೆಗೆ ಒತ್ತಿ ನೋಡಿ, "ಮೆತ್ತಗ ಐತ್ರಿ" ಎಂದಳು. ಹಂಪೇಶ ಬಸ್ ನಿಲ್ದಾಣದ ತನಕ ಬಂದು, ಕಿಟಕಿಯ ಪಕ್ಕ ಸೀಟು ಹಿಡಿದು ಕೊಟ್ಟು, ನೀರಿನ ಬಾಟಲಿ ತಂದುಕೊಟ್ಟು, ಬಸ್ಸು ಹೊರಡುವವರೆಗೆ ಹೊರಗೆ ನಿಂತಿದ್ದ.

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಎಡಬೆನ್ನಿನಲ್ಲಿ ಗುದ್ದು ಬಿದ್ದ ಜಾಗ ಇನ್ನೂ ನೋಯುತ್ತಿತ್ತು. ವಿರೂಪಮ್ಮ ಹಿಂದಕ್ಕೆ ಒರಗಿ, ಆ ಜಾಗ ಸೀಟಿನ ಕಬ್ಬಿಣಕ್ಕೆ ಸರಿಯಾಗಿ ತಾಗುವಂತೆ ಕೂತಳು. ರಸ್ತೆಯ ತಗ್ಗಿನಲ್ಲಿ ಬಸ್ಸು ಕುಣಿದಾಗಲೆಲ್ಲ ನೋವು ಎದ್ದು ಬರುತ್ತಿತ್ತು, ಅವಳು ಕಣ್ಣು ಮುಚ್ಚುತ್ತಿದ್ದಳು. ತೆಕ್ಕಲಕೋಟೆಯ ತನಕ ಚೆನ್ನಾಗಿಯೇ ನೋಯಿತು. ಆಮೇಲೆ ಹುಡುಕಿ ಹುಡುಕಿ ಒತ್ತಿಕೊಳ್ಳಬೇಕಾಯಿತು. ಬಳ್ಳಾರಿಯ ಕೋಟೆಗುಡ್ಡ ಕಾಣುವ ಹೊತ್ತಿಗೆ ಇನ್ನೂ ಬೆಳಕಿತ್ತು. ಅವಳು ಒಂದು ಸಲ ಜೋರಾಗಿ ಬೆನ್ನನ್ನು ಸೀಟಿಗೆ ಬಡಿದು ನೋಡಿದಳು. ನೋವು ಹೋಗಿಬಿಟ್ಟಿತ್ತು.